ಮೊದಲು ‘ಬೇಡ’ ಎನ್ನುವ ಚಿಕಿತ್ಸೆ

ಮದುವೆಯಾಗಿ ಆರು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಕಡೆ ಆ ಪ್ರಶ್ನೆ ಶುರುವಾಗುತ್ತದೆ. ಗೌರಿ ಹಬ್ಬಕ್ಕೆ ಬಂದ ಸೋದರತ್ತೆ, ಸೀಮಂತದ ಮನೆಯಲ್ಲಿ ಪಕ್ಕದ ಎಲೆಗೆ ಕೂತ ದೊಡ್ಡಮ್ಮ, ಬಸ್ಸಿನಲ್ಲಿ ಸಿಕ್ಕ ಹಳೆಯ ಬೀದಿಯವರು, ಎಲ್ಲರೂ ದನಿ ತಗ್ಗಿಸಿ ಕೇಳುವುದು ಒಂದೇ: ‘ಏನಾದ್ರೂ ವಿಶೇಷ?’ ಹುಡುಗಿ ‘ಇನ್ನೂ ಇಲ್ಲ’ ಎಂದು ನಕ್ಕು ಜಾರಿಕೊಳ್ಳುತ್ತಾಳೆ. ಆ ‘ಇನ್ನೂ ಇಲ್ಲ’ದ ಹಿಂದೆ ಏನಿದೆಯೆಂದು ಯಾರೂ ಕೇಳುವುದಿಲ್ಲ. ಕೆಲವು ಮನೆಗಳಲ್ಲಿ ಅದರ ಹಿಂದೆ ಇರುವ ಸಂಗತಿ ಇಷ್ಟೇ: ಮದುವೆಯಾದಂದಿನಿಂದ ಗಂಡ ಹೆಂಡತಿಗೆ ಒಮ್ಮೆಯೂ ಸೇರಲಾಗಿಲ್ಲ.

ಇಂಥ ಜೋಡಿಗಳು ಎಷ್ಟೋ ಸಲ ಮೊದಲು ಹೋಗುವುದು ಬಂಜೆತನದ ಚಿಕಿತ್ಸಾ ಕೇಂದ್ರಕ್ಕೆ. ಮನೆಯವರೇ ದುಡ್ಡು ಹೊಂದಿಸಿ, ದಿನ ನೋಡಿ ಕಳಿಸಿರುತ್ತಾರೆ. ಸ್ಕ್ಯಾನಿಂಗ್ ಆಗುತ್ತದೆ, ರಕ್ತಪರೀಕ್ಷೆ ಆಗುತ್ತದೆ, ವೀರ್ಯದ ಪರೀಕ್ಷೆ ಆಗುತ್ತದೆ; ಎಲ್ಲ ರಿಪೋರ್ಟೂ ಸರಿಯಾಗಿಯೇ ಇರುತ್ತವೆ. ಕೊನೆಗೊಮ್ಮೆ ತಾಳ್ಮೆಯ ವೈದ್ಯೆಯೊಬ್ಬರು ಜೊತೆಗೆ ಬಂದ ಅತ್ತೆಯನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ‘ನೀವಿಬ್ರೂ ಸೇರ್ತೀರಾ?’ ಎಂದು ನೇರವಾಗಿ ಕೇಳಿದಾಗ ಇಬ್ಬರೂ ನೆಲ ನೋಡುತ್ತಾರೆ. ಎರಡು ವರ್ಷ, ಮೂರು ವರ್ಷ ಕಳೆದ ಮೇಲೆ ಕೇಳಿದ ಮೊದಲ ಪ್ರಶ್ನೆ ಅದು.

ಇದು ಎಲ್ಲೋ ಲಕ್ಷದಲ್ಲೊಬ್ಬರ ಕಥೆಯಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಮನೋವೈದ್ಯ ಡಾ. ಟಿ.ಎಸ್. ಸತ್ಯನಾರಾಯಣ ರಾವ್ ಮತ್ತು ಸಂಗಡಿಗರು ಗ್ರಾಮೀಣ ಜನರ ನಡುವೆ ಅಧ್ಯಯನ ನಡೆಸಿ 2015ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಸುಮಾರು ಐವರು ಗಂಡಸರಲ್ಲಿ ಒಬ್ಬರಿಗೆ, ಏಳು ಹೆಂಗಸರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಬಗೆಯ ಲೈಂಗಿಕ ತೊಂದರೆ ಇತ್ತು. ಗಂಡಸರಲ್ಲಿ ಹೆಚ್ಚು ಕಂಡದ್ದು ನಿಮಿರುವಿಕೆಯ ತೊಂದರೆ ಮತ್ತು ಶೀಘ್ರಸ್ಖಲನ. ಹೆಂಗಸರಲ್ಲಿ ಆಸೆಯೇ ಹುಟ್ಟದಿರುವುದು, ದೇಹ ಸ್ಪಂದಿಸದಿರುವುದು, ಸುಖದ ತುದಿ ಮುಟ್ಟಲಾಗದಿರುವುದು. ಹಳ್ಳಿಯ ಒಂದು ಬೀದಿಯಲ್ಲಿ ಹತ್ತು ಮನೆಯಿದ್ದರೆ, ಅವುಗಳಲ್ಲಿ ಎರಡು ಮೂರು ಮನೆಯ ಕೋಣೆಯಲ್ಲಾದರೂ ಈ ಮೌನ ಮಲಗಿದೆ.

ಆ ಮನೆಯವರು ಎಲ್ಲಿಗೆ ಹೋಗುತ್ತಾರೆ? ಬಸ್ ನಿಲ್ದಾಣದ ಗೋಡೆ ನೋಡಿದರೆ ಗೊತ್ತಾಗುತ್ತದೆ. ‘ಗುಪ್ತರೋಗ’, ‘ನರದೌರ್ಬಲ್ಯ’, ‘ಬಾಲ್ಯದ ತಪ್ಪುಗಳಿಗೆ ಪರಿಹಾರ’, ಕೆಳಗೊಂದು ಲಾಡ್ಜಿನ ಹೆಸರು, ತಿಂಗಳ ಯಾವ ತಾರೀಕು ವೈದ್ಯರು ಅಲ್ಲಿರುತ್ತಾರೆ ಎಂಬ ವಿವರ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಇಂಥ ಜಾಹೀರಾತನ್ನು ನಿಷೇಧಿಸಿ ಎಷ್ಟೋ ದಶಕಗಳಾದವು. ಗೋಡೆಯ ಬರಹ ಅಳಿಯಲಿಲ್ಲ. ಈಗ ಮೊಬೈಲಿಗೂ ಬಂದಿದೆ. ನನ್ನನ್ನು ಸಂಕಟಕ್ಕೆ ತಳ್ಳುವುದು ಅಲ್ಲಿ ಕಳೆದುಹೋಗುವ ಹಣಕ್ಕಿಂತ ಅಲ್ಲಿ ಕಲಿಸುವ ಸುಳ್ಳು. ಹಸ್ತಮೈಥುನದಿಂದ, ನಿದ್ದೆಯಲ್ಲಿ ವೀರ್ಯ ಹೋಗುವುದರಿಂದ ಶಕ್ತಿ ಸೋರಿತು ಎಂದು ನಂಬಿದ ಹುಡುಗ ಮದುವೆಗೆ ಮೊದಲೇ ಸೋತಿರುತ್ತಾನೆ. ಈ ನಂಬಿಕೆಯಿಂದಲೇ ಹುಟ್ಟುವ ಸುಸ್ತು, ಚಿಂತೆ, ಮೈಕೈ ನೋವನ್ನು ಗುರುತಿಸಿ ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲೇ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಕಾಯಿಲೆ ಇದ್ದದ್ದು ವೀರ್ಯದಲ್ಲಲ್ಲ, ಭಯದಲ್ಲಿ.

ಹಾಗಾದರೆ ನಿಜವಾದ ಲೈಂಗಿಕ ಚಿಕಿತ್ಸೆ, ಅಂದರೆ ಸೆಕ್ಸ್ ಥೆರಪಿ, ಏನು ಮಾಡುತ್ತದೆ? ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಸ್ತ್ರೀರೋಗ ತಜ್ಞ ವಿಲಿಯಂ ಮಾಸ್ಟರ್ಸ್ ಮತ್ತು ಅವರ ಸಹಾಯಕಿಯಾಗಿ ಬಂದು ಸರಿಸಮಾನರಾಗಿ ಬೆಳೆದ ವರ್ಜೀನಿಯಾ ಜಾನ್ಸನ್ 1950ರ ದಶಕದ ಕೊನೆಯಲ್ಲಿ ಸಂಶೋಧನೆ ಶುರುಮಾಡಿದರು. ಕೂಡುವಾಗ ಮನುಷ್ಯರ ದೇಹದಲ್ಲಿ ನಿಜವಾಗಿ ಏನಾಗುತ್ತದೆ ಎಂದು 382 ಹೆಂಗಸರು, 312 ಗಂಡಸರನ್ನು ಪ್ರಯೋಗಾಲಯದಲ್ಲಿ ಗಮನಿಸಿ 1966ರಲ್ಲಿ ಪುಸ್ತಕ ಬರೆದರು. 1970ರ ಎರಡನೆಯ ಪುಸ್ತಕ ಚಿಕಿತ್ಸೆಯ ಕುರಿತಾದದ್ದು. ಅದರಲ್ಲಿದ್ದ ದೊಡ್ಡ ಮಾತು, ರೋಗಿ ಗಂಡನೂ ಅಲ್ಲ, ಹೆಂಡತಿಯೂ ಅಲ್ಲ, ಅವರಿಬ್ಬರ ಸಂಬಂಧ ಎಂಬುದು. ಅಲ್ಲಿಯವರೆಗೆ ನಿಮಿರದ ಗಂಡಸು ಒಬ್ಬನೇ ಮನೋವಿಶ್ಲೇಷಕರ ಮುಂದೆ ವರ್ಷಗಟ್ಟಲೆ ತನ್ನ ಬಾಲ್ಯ ಹೇಳಿಕೊಳ್ಳಬೇಕಿತ್ತು. ಮಾಸ್ಟರ್ಸ್ ಮತ್ತು ಜಾನ್ಸನ್ ಇಬ್ಬರನ್ನೂ ಕರೆಸಿ ಎರಡು ವಾರ ಕೂರಿಸಿದರು. ಅವರು ಹೇಳಿಕೊಂಡ ಯಶಸ್ಸಿನ ಅಂಕಿಅಂಶವನ್ನು ಮುಂದೆ ಹಲವರು ಪ್ರಶ್ನಿಸಿದರು, ಎರಡು ವಾರದ ಪದ್ಧತಿಯೂ ಉಳಿಯಲಿಲ್ಲ. ಈಗ ಸಾಮಾನ್ಯವಾಗಿ ವಾರಕ್ಕೋ ಹದಿನೈದು ದಿನಕ್ಕೋ ಒಂದು ಭೇಟಿ, ಕೆಲವು ತಿಂಗಳು. ಅವರು ಕಂಡುಕೊಂಡ ಒಂದು ಅಭ್ಯಾಸ ಮಾತ್ರ ಇಂದಿಗೂ ಈ ಚಿಕಿತ್ಸೆಯ ಬೆನ್ನೆಲುಬು.

ಆ ಅಭ್ಯಾಸ ಒಂದು ನಿಷೇಧದಿಂದ ಶುರುವಾಗುತ್ತದೆ. ಸೇರಲಾಗುತ್ತಿಲ್ಲ ಎಂದು ಬಂದವರಿಗೆ ಥೆರಪಿಸ್ಟ್ ಹೇಳುವ ಮೊದಲ ಮಾತು: ಸದ್ಯಕ್ಕೆ ಸೇರಲು ಪ್ರಯತ್ನಿಸಲೇಬೇಡಿ.

ಕೇಳಿದವರಿಗೆ ಗಾಬರಿಯಾಗುತ್ತದೆ. ಆದರೆ ಆ ಕೋಣೆಯಲ್ಲಿ ರಾತ್ರಿ ಏನಾಗುತ್ತದೆ ಎಂದು ಯೋಚಿಸಿ ನೋಡಿ. ಇಂಥ ಹತ್ತಾರು ಜೋಡಿಗಳನ್ನು ಸೇರಿಸಿ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಪಟ್ಟಣದಲ್ಲೊಂದು ಮನೆ. ಹಾಲ್‌ನಲ್ಲಿ ಅಪ್ಪ ಅಮ್ಮ ಮಲಗುತ್ತಾರೆ, ಕೋಣೆಯ ಚಿಲಕ ಹಾಕಿದರೆ ಸದ್ದು ಕೇಳುತ್ತದೆ. ಮೊದಲ ರಾತ್ರಿಯ ಆಯಾಸದಲ್ಲಿ, ಅವಸರದಲ್ಲಿ, ಅವನಿಗೆ ಆಗಲಿಲ್ಲ. ಎರಡನೆಯ ಸಲ ಅವನ ಮನಸ್ಸಿನಲ್ಲಿ ಹೆಂಡತಿಗಿಂತ ಮೊದಲನೆಯ ಸೋಲೇ ತುಂಬಿತ್ತು. ಮೂರನೆಯ ಸಲ ಹಾಸಿಗೆಗೆ ಬರುವ ಮೊದಲೇ ಎದೆ ಬಡಿದುಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಅವನು ಗಂಡನಾಗಿ ಉಳಿದಿರಲಿಲ್ಲ, ತನ್ನ ಹಾಸಿಗೆಯ ಪಕ್ಕ ತಾನೇ ನಿಂತು ‘ಈಗ ಆಗುತ್ತದಾ, ಈಗ?’ ಎಂದು ನೋಡುತ್ತಿರುವ ಪರೀಕ್ಷಕನಾಗಿದ್ದ. ಮಾಸ್ಟರ್ಸ್ ಮತ್ತು ಜಾನ್ಸನ್ ಇದನ್ನೇ ಪ್ರೇಕ್ಷಕನ ಪಾತ್ರ ಎಂದು ಕರೆದರು. ಹುಲಿ ಅಟ್ಟಿಸಿಕೊಂಡು ಬರುವಾಗ ಯಾರಿಗೂ ಹಸಿವಾಗುವುದಿಲ್ಲ. ಭಯವಾದಾಗ ದೇಹ ಓಡಲು ಸಿದ್ಧವಾಗುತ್ತದೆ. ನಿಮಿರುವುದಕ್ಕೆ ಬೇಕಾದದ್ದು ಅದಕ್ಕೆ ತೀರ ವಿರುದ್ಧವಾದ ನರವ್ಯವಸ್ಥೆಯ ನೆಮ್ಮದಿ. ಇತ್ತ ಅವಳು, ‘ನಾನೇ ಇವರಿಗೆ ಇಷ್ಟವಿಲ್ಲವೇನೋ’ ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ಇಬ್ಬರೂ ಎಚ್ಚರವಾಗಿದ್ದಾರೆ, ಇಬ್ಬರೂ ನಿದ್ದೆ ಬಂದವರಂತೆ ಉಸಿರಾಡುತ್ತಿದ್ದಾರೆ.

‘ಬೇಡ’ ಎಂಬ ಆ ಒಂದು ಸೂಚನೆ ಪರೀಕ್ಷೆಯನ್ನೇ ರದ್ದು ಮಾಡುತ್ತದೆ. ಸೋಲಲು ಏನೂ ಉಳಿಯುವುದಿಲ್ಲ.

ಆಮೇಲೆ ಮನೆಗೆಲಸ. ವಾರದಲ್ಲಿ ಎರಡು ಮೂರು ದಿನ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಮೊಬೈಲು ಹೊರಗಿಟ್ಟು ಇಬ್ಬರೂ ಒಬ್ಬರನ್ನೊಬ್ಬರು ಸರದಿಯಲ್ಲಿ ಮುಟ್ಟುವುದು. ಒಬ್ಬರು ಮುಟ್ಟುವಾಗ ಇನ್ನೊಬ್ಬರು ಸುಮ್ಮನೆ ಮಲಗಿರುವುದು. ಬೆನ್ನು, ತೋಳು, ಅಂಗಾಲು, ನೆತ್ತಿ, ಎಲ್ಲಿ ಬೇಕಾದರೂ. ಎದೆ ಮತ್ತು ಜನನಾಂಗ ಮಾತ್ರ ಸದ್ಯಕ್ಕೆ ಹೊರಗೆ. ಉದ್ದೇಶ ಆಸೆ ಕೆರಳಿಸುವುದಲ್ಲ. ಚರ್ಮ ಬೆಚ್ಚಗಿದೆಯೇ ತಣ್ಣಗಿದೆಯೇ, ಒರಟೋ ನುಣುಪೋ, ಬೆರಳು ಗಟ್ಟಿಯಾಗಿ ಒತ್ತಿದರೆ ಹೇಗೆ, ಹಗುರವಾಗಿ ಸವರಿದರೆ ಹೇಗೆ, ಇಷ್ಟನ್ನೇ ಗಮನಿಸುವುದು. ಮನಸ್ಸು ಅಡ್ಡದಾರಿ ಹಿಡಿದರೆ ಮತ್ತೆ ಬೆರಳ ತುದಿಗೆ ತರುವುದು. ನಡುವೆ ದೇಹ ಎಚ್ಚೆತ್ತರೂ ನಿಷೇಧ ಮುರಿಯುವಂತಿಲ್ಲ. ಕೆಲವು ವಾರಗಳ ಮೇಲೆ ಹೊರಗಿಟ್ಟ ಅಂಗಗಳೂ ಸೇರುತ್ತವೆ. ಆಗ ಮುಟ್ಟಿಸಿಕೊಳ್ಳುವವರು ತಮ್ಮ ಕೈಯನ್ನು ಮುಟ್ಟುವವರ ಕೈ ಮೇಲಿಟ್ಟು ‘ಇಲ್ಲಿ, ಇಷ್ಟು, ಹೀಗೆ’ ಎಂದು ಬಾಯಿ ಬಿಡದೆ ಹೇಳಬಹುದು. ಸೇರುವುದು ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಮೊದಮೊದಲು ಅಲುಗಾಡದೆ, ಸುಮ್ಮನೆ ಜೊತೆಗಿರುವಂತೆ.

ಮದುವೆಯಾಗಿ ಹದಿನೈದು ವರ್ಷವಾದವರಿಗೂ ಇದು ಹೊಸ ಅನುಭವವಾಗುವುದುಂಟು. ನಮ್ಮ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿಯನ್ನು ಮುಟ್ಟುವುದು ‘ಅದಕ್ಕಾಗಿ’ ಮಾತ್ರ. ಹಾಗಾಗಿ ಭುಜದ ಮೇಲೆ ಕೈ ಬಿದ್ದರೆ ಅವಳಿಗೆ ಅದು ಪ್ರೀತಿ ಅನ್ನಿಸುವ ಬದಲು ಕರೆ ಅನ್ನಿಸುತ್ತದೆ. ದಣಿದ ದಿನ ಆ ಕೈಯನ್ನೇ ಸರಿಸುತ್ತಾಳೆ. ಅವನು ಕೈಯಿಡುವುದನ್ನೇ ನಿಲ್ಲಿಸುತ್ತಾನೆ. ಕೇಳಿಕೆಯಿಲ್ಲದ ಸ್ಪರ್ಶವೊಂದನ್ನು ಮತ್ತೆ ಮನೆಗೆ ತರುವುದೇ ಈ ಅಭ್ಯಾಸದ ಅರ್ಧ ಕೆಲಸ ಎಂದು ನನಗನ್ನಿಸುತ್ತದೆ.

ಚಿಕಿತ್ಸೆಯ ಕೋಣೆಯಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ, ಯಾರೂ ಬಟ್ಟೆ ತೆಗೆಯುವುದಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಅಲ್ಲಿ ನಡೆಯುವುದು ಮಾತು ಮಾತ್ರ. ದೇಹದ ತಪಾಸಣೆ ಬೇಕಾದರೆ ಅದಕ್ಕೆ ಬೇರೆ ವೈದ್ಯರಿರುತ್ತಾರೆ, ಆಸ್ಪತ್ರೆಯ ನಿಯಮವಿರುತ್ತದೆ. ಇದಕ್ಕೆ ಹೊರತಾದದ್ದನ್ನು ಯಾರೇ ಸೂಚಿಸಲಿ, ಎದ್ದು ಬರಬೇಕು.

ತಪಾಸಣೆ ಬೇಡವೆಂದಲ್ಲ. ಒಳ್ಳೆಯ ಥೆರಪಿಸ್ಟ್ ಮೊದಲೇ ಕೇಳುತ್ತಾರೆ: ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೀರಾ, ಖಿನ್ನತೆಗೆ ಯಾವ ಮಾತ್ರೆ, ಕುಡಿತ ಎಷ್ಟು, ಥೈರಾಯ್ಡ್ ನೋಡಿಸಿದ್ದೀರಾ? ಬೆಳಗಿನ ಜಾವ ತಾನಾಗಿ ನಿಮಿರುತ್ತದೆಯೇ ಎಂಬ ಪ್ರಶ್ನೆ ಮುಜುಗರ ತರಬಹುದು. ಆದರೆ ಅದು ಆಗುತ್ತಿದ್ದರೆ ರಕ್ತನಾಳ, ನರಗಳು ಬಹುತೇಕ ಸರಿಯಿವೆ ಎಂದರ್ಥ. ಆಗದೇ ಇದ್ದರೆ, ಅದರಲ್ಲೂ ನಲವತ್ತು ದಾಟಿದವರಲ್ಲಿ, ಹೃದಯ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಲೇಬೇಕು. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು, ಅಲ್ಲಿನ ತೊಂದರೆ ಎದೆಯ ತೊಂದರೆಗೆ ವರ್ಷಗಳ ಮೊದಲೇ ಬಂದ ಮುನ್ಸೂಚನೆ ಆಗಿರಬಹುದು. 1998ರಲ್ಲಿ ಮಾರುಕಟ್ಟೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ನಿಜವಾದ ನೆರವು ಕೊಟ್ಟಿದೆ. ಹೃದಯಕ್ಕೆ ನೈಟ್ರೇಟ್ ಔಷಧ ತೆಗೆದುಕೊಳ್ಳುವವರಿಗೆ ಅದೇ ಮಾತ್ರೆ ಪ್ರಾಣಾಪಾಯ. ಮೆಡಿಕಲ್ ಸ್ಟೋರಿನಲ್ಲಿ ಗುಟ್ಟಾಗಿ ಕೇಳಿ ನುಂಗುವ ವಸ್ತು ಅದಲ್ಲ. ಮಾತ್ರೆ ರಕ್ತ ಹರಿಸುತ್ತದೆ, ಮುರಿದ ಮಾತನ್ನು ಜೋಡಿಸುವುದಿಲ್ಲ.

ಶೀಘ್ರಸ್ಖಲನದ ಚಿಂತೆಯವರಿಗೆ ಒಂದು ಅಂಕಿ ನೆಮ್ಮದಿ ಕೊಡಬಹುದು. ನೆದರ್ಲೆಂಡ್ಸ್‌ನ ಮಾರ್ಸೆಲ್ ವಾಲ್ಡಿಂಗರ್ ಮತ್ತು ಸಂಗಡಿಗರು ಐದು ದೇಶಗಳ 500 ಜೋಡಿಗಳ ಕೈಗೆ ಗಡಿಯಾರ ಕೊಟ್ಟು ಅಳೆಸಿ 2005ರಲ್ಲಿ ಪ್ರಕಟಿಸಿದರು: ಸೇರಿದಾಗಿನಿಂದ ಸ್ಖಲನದವರೆಗಿನ ನಡುಮಟ್ಟದ ಅವಧಿ 5.4 ನಿಮಿಷ. ಅರ್ಧ ಗಂಟೆಯ ಕಥೆಗಳು ಅಶ್ಲೀಲ ವಿಡಿಯೊಗಳಿಂದ ಬಂದವು. ನಿಜಕ್ಕೂ ಒಂದೇ ನಿಮಿಷದಲ್ಲಿ ಮುಗಿಯುವವರಿಗೆ 1956ರಲ್ಲಿ ಮೂತ್ರರೋಗ ತಜ್ಞ ಜೇಮ್ಸ್ ಸೀಮನ್ಸ್ ವಿವರಿಸಿದ ‘ನಿಲ್ಲಿಸು, ಮತ್ತೆ ಶುರುಮಾಡು’ ಅಭ್ಯಾಸವಿದೆ, ಔಷಧಗಳೂ ಇವೆ.

ಹೆಂಗಸರ ನೋವಿನ ಬಗ್ಗೆ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅದನ್ನು ‘ಮೊದಮೊದಲು ಹಾಗೇ ಇರುತ್ತೆ, ಹಲ್ಲು ಕಚ್ಚಿಕೊಂಡು ಸಹಿಸ್ಕೋ’ ಎಂದು ತಳ್ಳಿಹಾಕುವವರಲ್ಲಿ ಹೆಂಗಸರೇ ಹೆಚ್ಚು. ಕಣ್ಣಿನ ಹತ್ತಿರ ಬೆರಳು ತಂದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದಲ್ಲ, ಹಾಗೆ ಕೆಲವರಲ್ಲಿ ಯೋನಿಯ ಬಾಯಿಯ ಸುತ್ತಲಿನ ಸ್ನಾಯುಗಳು ತಾವಾಗಿ ಬಿಗಿಯುತ್ತವೆ. ಇದಕ್ಕೆ ವಜೈನಿಸ್ಮಸ್ ಎನ್ನುತ್ತಾರೆ. ಅವಳು ಬೇಕೆಂದೇ ಬಿಗಿಯುತ್ತಿಲ್ಲ, ಗಂಡನ ಮೇಲೆ ಪ್ರೀತಿಯಿಲ್ಲ ಎಂದೂ ಅಲ್ಲ. ಬಲವಂತ ಮಾಡಿದಷ್ಟೂ ದೇಹ ‘ಇದು ನೋವು’ ಎಂಬ ಪಾಠವನ್ನು ಇನ್ನೂ ಗಟ್ಟಿಯಾಗಿ ಕಲಿಯುತ್ತದೆ. ಚಿಕಿತ್ಸೆ ಆ ಪಾಠವನ್ನು ಮರೆಸುತ್ತಾ ಹೋಗುತ್ತದೆ. ಮೊದಲು ಚಿತ್ರದಲ್ಲಿ, ಕನ್ನಡಿಯಲ್ಲಿ ತನ್ನದೇ ದೇಹವನ್ನು ನೋಡಿ ತಿಳಿಯುವುದು; ಎಷ್ಟೋ ವಿದ್ಯಾವಂತೆಯರು ಅದನ್ನು ಅಲ್ಲಿಯವರೆಗೆ ನೋಡಿಯೇ ಇರುವುದಿಲ್ಲ. ಆಮೇಲೆ ಉಸಿರಿನ ಜೊತೆ ಆ ಸ್ನಾಯುಗಳನ್ನು ಬಿಗಿದು ಸಡಿಲಿಸುವುದು, ತನ್ನದೇ ಕಿರುಬೆರಳು, ನಂತರ ಸಣ್ಣದರಿಂದ ದೊಡ್ಡದಕ್ಕೆ ಹೋಗುವ ನುಣುಪಾದ ಡೈಲೇಟರ್‌ಗಳು, ಸಾಕಷ್ಟು ಜಾರುವ ಜೆಲ್. ಪ್ರತಿ ಹೆಜ್ಜೆಯಲ್ಲೂ ಎಷ್ಟು, ಯಾವಾಗ, ಸಾಕು ಎಂಬುದನ್ನು ತೀರ್ಮಾನಿಸುವವಳು ಅವಳೇ. ಶ್ರೋಣಿಯ ಸ್ನಾಯುಗಳಿಗೆ ತರಬೇತಿ ಕೊಡುವ ಫಿಸಿಯೋಥೆರಪಿಸ್ಟ್‌ಗಳೂ ಈಗ ದೊಡ್ಡ ನಗರಗಳಲ್ಲಿದ್ದಾರೆ. ಲೈಂಗಿಕ ಚಿಕಿತ್ಸೆ ಚೆನ್ನಾಗಿ ಫಲ ಕೊಡುವ ತೊಂದರೆಗಳಲ್ಲಿ ಇದೂ ಒಂದು.

ಅದಕ್ಕೇ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತುವ ಕೆಲವು ಪ್ರಕರಣಗಳು ಮನಸ್ಸು ಕಲಕುತ್ತವೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಎದುರು ಪಕ್ಷದವರ ಅಸಮರ್ಥತೆಯಿಂದ ಮದುವೆ ಸಮಾಗಮದಲ್ಲಿ ಪೂರ್ಣವಾಗದಿದ್ದರೆ ಅದನ್ನು ರದ್ದು ಮಾಡಿಸಿಕೊಳ್ಳಬಹುದು. ಒಲ್ಲದ ಬಂಧದಿಂದ ಬಿಡುಗಡೆಗೆ ಆ ದಾರಿ ಇರಬೇಕು, ಸರಿ. ಆದರೆ ಒಬ್ಬರನ್ನೊಬ್ಬರು ಇಷ್ಟಪಟ್ಟ ಇಬ್ಬರು, ಕೆಲವು ತಿಂಗಳ ಚಿಕಿತ್ಸೆಯಲ್ಲಿ ಬಿಡಿಸಬಹುದಾಗಿದ್ದ ಗಂಟಿಗಾಗಿ, ಎರಡೂ ಮನೆಯವರ ನಡುವೆ ಕೂತು ‘ಅಸಮರ್ಥ’ ಎಂಬ ಪದವನ್ನು ಕೇಳಿಸಿಕೊಳ್ಳುವುದಿದೆಯಲ್ಲ, ಅದು ಅನಗತ್ಯ ಕ್ರೌರ್ಯ.

ಇನ್ನು ಆಸೆಯ ಮಾತು. ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ ಎಂಬ ದೂರು ದಾಂಪತ್ಯ ಹಳೆಯದಾದಂತೆ ಮೇಲೆ ಬರುತ್ತದೆ. ಆಸೆ ಎಂಬುದೇ ಒಂದು ಪ್ರತ್ಯೇಕ ಹಂತ, ಅದಕ್ಕೆ ಪ್ರತ್ಯೇಕ ಗಮನ ಬೇಕು ಎಂದು 1970ರ ದಶಕದಲ್ಲಿ ತೋರಿಸಿಕೊಟ್ಟವರು ನ್ಯೂಯಾರ್ಕಿನ ಹೆಲೆನ್ ಸಿಂಗರ್ ಕಪ್ಲಾನ್. 2000ದಲ್ಲಿ ಕೆನಡಾದ ವೈದ್ಯೆ ರೋಸ್ಮರಿ ಬ್ಯಾಸನ್ ಇನ್ನೊಂದು ಮುಖ್ಯ ಮಾತು ಹೇಳಿದರು: ಅನೇಕರಿಗೆ, ಅದರಲ್ಲೂ ಬಹುಕಾಲ ಜೊತೆಗಿದ್ದ ಹೆಂಗಸರಿಗೆ, ಆಸೆ ಮೊದಲೇ ತಾನಾಗಿ ಬರುವುದಿಲ್ಲ, ಹತ್ತಿರವಿದ್ದು, ಹಿತವೆನ್ನಿಸಿದ ಮೇಲೆ ಬರುತ್ತದೆ. ಇದನ್ನು ತಿಳಿದ ದಿನ ‘ನನ್ನಲ್ಲೇ ಏನೋ ಕೊರತೆ’ ಎಂದುಕೊಂಡಿದ್ದ ಎಷ್ಟೋ ಹೆಂಗಸರ ಭಾರ ಇಳಿದಿದೆ. ಆದರೆ ಹತ್ತಿರವಿರಲು, ಹಿತವಾಗಿರಲು ಬಿಡುವು ಎಲ್ಲಿದೆ? ಬೆಳಿಗ್ಗೆ ಐದಕ್ಕೆ ಎದ್ದು, ಡಬ್ಬಿ ಕಟ್ಟಿ, ಕೆಲಸಕ್ಕೆ ಹೋಗಿ ಬಂದು, ರಾತ್ರಿ ಪಾತ್ರೆ ತೊಳೆದು, ದೋಸೆ ಹಿಟ್ಟು ರುಬ್ಬಿಟ್ಟು, ಹನ್ನೊಂದಕ್ಕೆ ಮಗುವಿನ ಪಕ್ಕ ಒರಗಿದವಳಿಗೆ ಯಾವ ಟಾನಿಕ್ ಕೊಡಬೇಕು? ಆ ಗಂಡನಿಗೆ ಥೆರಪಿಸ್ಟ್ ಕೊಡುವ ಮನೆಗೆಲಸ ಹಾಸಿಗೆಯಲ್ಲಿ ಅಲ್ಲ, ಅಡುಗೆಮನೆಯಲ್ಲಿ ಶುರುವಾದರೆ ಆಶ್ಚರ್ಯಪಡಬೇಕಿಲ್ಲ. ಹೆರಿಗೆಯಾಗಿ ಹಾಲೂಡಿಸುವಾಗ, ಮುಟ್ಟು ನಿಲ್ಲುವ ಕಾಲದಲ್ಲಿ ಹಾರ್ಮೋನು ಇಳಿದು ಯೋನಿ ಒಣಗುವುದೂ ಸಹಜ; ಅದಕ್ಕೆ ಸುಲಭ ಪರಿಹಾರವಿದೆ, ಕೇಳಬೇಕಷ್ಟೆ.

ಕೇಳುವುದು ಹೇಗೆ? ಕನ್ನಡದಲ್ಲಿ ಇದನ್ನು ಹೇಳಲು ನಮಗಿರುವ ಪದಗಳು ಎರಡು ಬಗೆಯವು. ಒಂದು ಬೈಗುಳದವು, ಇನ್ನೊಂದು ಪಠ್ಯಪುಸ್ತಕದ ಸಂಸ್ಕೃತ. ಹೆಂಡತಿಯ ಕಿವಿಯಲ್ಲಿ ಎರಡನ್ನೂ ಹೇಳಲಾಗುವುದಿಲ್ಲ. ಹಾಗಾಗಿ ಗಂಡ ಹೆಂಡತಿ ‘ಅದು’, ‘ಆ ವಿಷಯ’, ‘ಅಲ್ಲಿ’ ಎನ್ನುತ್ತಾರೆ, ಇಲ್ಲವೇ ನಾಲ್ಕು ಇಂಗ್ಲಿಷ್ ಪದಗಳ ಮರೆಗೆ ಹೋಗುತ್ತಾರೆ. ‘ಅಲ್ಲಿ’ ಎಂದರೆ ಎಲ್ಲಿ ಎಂದು ತಿಳಿಯದೆ ವರ್ಷಗಳು ಕಳೆಯುತ್ತವೆ. ಥೆರಪಿಸ್ಟ್ ಅಳುಕದೆ, ಅವಸರಿಸದೆ ಪ್ರತಿ ಅಂಗಕ್ಕೂ ಪ್ರತಿ ಕ್ರಿಯೆಗೂ ಒಂದು ಸಾಧಾರಣ ಹೆಸರು ಹಿಡಿದು ಮಾತಾಡಿದಾಗ ಅವರ ನಾಲಿಗೆಗೂ ಅಭ್ಯಾಸವಾಗುತ್ತದೆ. ಈ ನಾಡಿಗೆ ಇಂಥ ವಿಷಯವನ್ನು ಅಳುಕದೆ ಎತ್ತಿಕೊಳ್ಳುವುದು ತೀರಾ ಹೊಸದೂ ಅಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಒಪ್ಪಿತ್ತು. ವೈದ್ಯೆ, ಕಾದಂಬರಿಕಾರ್ತಿ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದು, ಹೇಳಲಾಗದ್ದು ಎಂದುಕೊಂಡಿದ್ದನ್ನು ಕನ್ನಡದ ಮನೆಗಳೊಳಕ್ಕೆ ತಂದರು. ಆ ಧೈರ್ಯವನ್ನು ಮುಂದುವರಿಸಬೇಕಾದವರು ನಾವು.

ಈ ಚಿಕಿತ್ಸೆ ಎಲ್ಲವನ್ನೂ ಸರಿಮಾಡುತ್ತದೆ ಎಂದು ಹೇಳಲಾರೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಒಬ್ಬರಿಗೆ ಇನ್ನೊಬ್ಬರ ಭಯವಿದ್ದರೆ, ಸ್ಪರ್ಶದ ಅಭ್ಯಾಸ ಕೊಡುವುದೇ ತಪ್ಪು. ಅದಕ್ಕೇ ಆರಂಭದಲ್ಲಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸುತ್ತಾರೆ. ಹೆಂಡತಿಯನ್ನು ಒಪ್ಪಿಸುವ ಉಪಾಯವೆಂದು ಬಂದ ಗಂಡನಿಗೆ ನಿರಾಸೆಯಾಗಬೇಕು. ಅವಳ ‘ಬೇಡ’ಕ್ಕೂ ಆ ಕೋಣೆಯಲ್ಲಿ ಅಷ್ಟೇ ಬೆಲೆ. ಮನೆಯವರ ಒತ್ತಾಯಕ್ಕೆ ಮದುವೆಯಾದ, ಒಲವು ತನ್ನದೇ ಲಿಂಗದವರ ಕಡೆಗಿರುವ ವ್ಯಕ್ತಿಯನ್ನು ‘ಸರಿಮಾಡುತ್ತೇವೆ’ ಎನ್ನುವವರನ್ನು ನಂಬಬಾರದು. ಅದು ಕಾಯಿಲೆಯೇ ಅಲ್ಲ.

ಯಾರನ್ನು ಹುಡುಕಬೇಕು? ‘ಸೆಕ್ಸಾಲಜಿಸ್ಟ್’ ಎಂದು ಬೋರ್ಡು ಹಾಕಿಕೊಂಡವರೆಲ್ಲ ಒಂದೇ ಅಲ್ಲ, ಹೆಸರಿನ ಮುಂದಿನ ಓದು ನೋಡಬೇಕು. ಮನೋವೈದ್ಯರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಈ ವಿಷಯದಲ್ಲಿ ತರಬೇತಿ ಪಡೆದ ಸ್ತ್ರೀರೋಗ ಮತ್ತು ಮೂತ್ರರೋಗ ತಜ್ಞರು ಸರಿಯಾದ ಬಾಗಿಲುಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಂಪತಿಗಳಿಗೆ, ಕುಟುಂಬಗಳಿಗೆ ಚಿಕಿತ್ಸೆ ಕೊಡುವ ದೀರ್ಘ ಪರಂಪರೆಯಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿರುತ್ತಾರೆ. ಎಲ್ಲಿಗೆ ಹೋಗುವುದೆಂದೇ ತಿಳಿಯದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತು ಶುರುಮಾಡಬಹುದು, ಕರೆಗೆ ದುಡ್ಡಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಮನೆಯಲ್ಲಿ ಆಡಬೇಕಾದ ಮೊದಲ ಮಾತು. ‘ನಿನಗೇನೋ ಆಗಿದೆ, ಹೋಗಿ ತೋರಿಸ್ಕೊಂಡು ಬಾ’ ಎಂದರೆ ಆ ಬಾಗಿಲು ಅಲ್ಲಿಗೇ ಮುಚ್ಚಿತು. ಹಾಸಿಗೆಯಲ್ಲಿ, ಸೋತ ರಾತ್ರಿ ಆಡುವ ಮಾತೂ ಇದಲ್ಲ. ಭಾನುವಾರದ ಸಂಜೆ, ಮನೆಯಲ್ಲಿ ಯಾರೂ ಇಲ್ಲದಾಗ, ಇಲ್ಲವೇ ತರಕಾರಿ ತರಲು ಇಬ್ಬರೇ ನಡೆದು ಹೋಗುವಾಗ, ಒಬ್ಬರ ಮುಖ ಒಬ್ಬರು ನೋಡಬೇಕಾದ ಅಗತ್ಯವಿಲ್ಲದ ಹೊತ್ತಿನಲ್ಲಿ, ‘ರೀ, ನನಗೂ ಕಷ್ಟ ಆಗ್ತಿದೆ, ನಿಮಗೂ ಆಗ್ತಿರಬಹುದು. ಇಬ್ರೂ ಒಟ್ಟಿಗೆ ಒಂದ್ಸಲ ಯಾರನ್ನಾದ್ರೂ ನೋಡೋಣ್ವಾ?’ ಎಂದು ಕೇಳಿ ಸುಮ್ಮನಾಗಬಹುದು. ಉತ್ತರ ಆ ದಿನವೇ ಬಾರದಿದ್ದರೂ ಪರವಾಗಿಲ್ಲ. ಎರಡು ಚೀಲದಲ್ಲಿ ಭಾರವಾದದ್ದನ್ನು ಅವನು ಎತ್ತಿಕೊಳ್ಳಲಿ, ಮನೆಯವರೆಗೆ ಜೊತೆಗೆ ನಡೆಯಲಿ.